ದಿಬ್ಬದಲ್ಲಿ ಕಂಡ ಕಬ್ಬಿಣ

1979ರ ಮಾರ್ಚ್ ತಿಂಗಳ ಒಂದು ಸೋಮವಾರ ಗುಡೇಕೋಟೆ ಸಮೀಪದ ದಿಬ್ಬವೊಂದರಲ್ಲಿ ಸರ್ಕಾರಿ ಸರ್ವೆಯವರಿಗೆ ಕಬ್ಬಿಣದ ಅದಿರಿನ ಸುಳಿವು ಸಿಕ್ಕಿತು. ಬುಧವಾರ ಅದು ಪತ್ರಿಕೆಯಲ್ಲಿ ಬಂತು. ಬರೆದವನು ಕೂಡ್ಲಿಗಿಯ ಬಾತ್ಮೀದಾರನಾದ ನಾನು. ಕಣ್ಣಾರೆ ಕಾಣದ್ದನ್ನು ನಾನು ಬರೆಯುವುದಿಲ್ಲ; ಇದನ್ನೂ ಕಣ್ಣಾರೆ ಕಂಡೇ ಬರೆದೆ. ತೊಂದರೆಯಾದದ್ದು ಅಲ್ಲೇ. ಕಾಣುವ ಆಸೆಗೆ ತೀರ ಹತ್ತಿರ ನಿಂತಿದ್ದೆ.

ಆ ದಿಬ್ಬದಲ್ಲಿ ಕುರಿ ಮೇಯಿಸುತ್ತಿದ್ದವನು ಮೈಲಾರಪ್ಪ. ಮರು ಅಳತೆಯಲ್ಲೂ ಅದಿರು ಕಂಡರೆ ಬೋರ್ ಯಂತ್ರ ಬರುತ್ತದೆ, ಕುರಿಗಳು ಜಾಗ ಬಿಡಬೇಕು ಎಂದು ಅವನಿಗೆ ತಿಳಿಸಿದ್ದರು. ಬೇರೆ ಮೇವಿನ ನೆಲ ಅವನಿಗಿರಲಿಲ್ಲ. ಗುರುವಾರ ಮರು ಅಳತೆಯ ದಿನ ನಾನು ಸರ್ವೆಯವರಿಗೆ ಎಂದಿನಂತೆ ಮನೆಯಿಂದ ಬುತ್ತಿ ಹೊತ್ತು ಹೋದಾಗ ಅವನು ಕೈಮುಗಿದು, ಪೇಪರಿನಲ್ಲಿ ತನ್ನ ಹೆಸರು ಸರಿಯಾಗಿ ಬಂದಿದೆ ಎಂದ. ಅದಕ್ಕಿಂತ ಕಠಿಣ ಟೀಕೆ ನನ್ನ ಬರವಣಿಗೆಗೆ ಈವರೆಗೆ ಬಂದಿಲ್ಲ.

ನೆಲದ ಕಾಂತಬಲ ಅಳೆಯುವ ಉಪಕರಣವನ್ನು ಸರ್ವೆ ಅಧಿಕಾರಿ ಈ ಸಲ ಉದ್ದನೆಯ ಬಿದಿರಿನ ತುದಿಗೆ ಕಟ್ಟಿಸಿದರು. ಪಕ್ಕದಲ್ಲಿರುವ ಕಬ್ಬಿಣವೂ ಲೆಕ್ಕಕ್ಕೆ ಸೇರಿಬಿಡುವ ಕಷ್ಟ ಉಪಗ್ರಹಗಳಿಗೂ ಇದೆಯಂತೆ. ಅವುಗಳ ಮೈಯ ಕಬ್ಬಿಣ, ತಂತಿಯೊಳಗಿನ ಕರೆಂಟು, ಎಲ್ಲವೂ ಭೂಮಿಯ ಕಾಂತಬಲದ ಜೊತೆ ಬೆರೆತು ಲೆಕ್ಕ ಕೆಡಿಸುತ್ತವೆ. ಅದಕ್ಕೆ ಉಪಕರಣವನ್ನು ಉದ್ದನೆಯ ತೋಳಿನ ತುದಿಯಲ್ಲಿಡುತ್ತಾರೆ. ಕೆಲವೊಮ್ಮೆ ಹತ್ತಿರ ಒಂದು, ದೂರ ಒಂದು ಇಟ್ಟು ಎರಡನ್ನೂ ಹೋಲಿಸಿ ಉಪಗ್ರಹದ ಪಾಲನ್ನು ಕಳೆಯುತ್ತಾರೆ. ನಾನು ಇದನ್ನೆಲ್ಲ ಅವರ ಪಕ್ಕದಲ್ಲೇ ನಿಂತು ಬರೆದುಕೊಂಡೆ. ಗಡಿಯಾರ, ಬೀಗದ ಕೈ, ಬೆಲ್ಟು ಆಗಲೇ ದೂರ ಇಟ್ಟಿದ್ದೆವು. ಮೈಲಾರಪ್ಪ ಕೊಡಲಿಯನ್ನು ಹಳ್ಳದಾಚೆ ಬಿಟ್ಟು ಬಂದಿದ್ದ. ಆದರೂ ಉಪಕರಣ ಬಿದಿರಿನ ತುದಿಯಲ್ಲಿದ್ದಾಗ ಕಬ್ಬಿಣ ಕಾಣಲಿಲ್ಲ, ನಮ್ಮ ಹತ್ತಿರ ತಂದರೆ ಕಂಡಿತು.

"ನಮ್ದೆಲ್ಲ ತೆಗೆದಿಟ್ಟೀವ್ರಿ," ಎಂದ ಮೈಲಾರಪ್ಪ ಮೆಲ್ಲಗೆ. "ಪೇಪರಿನವ್ರ ಚೀಲ ಒಂದು ಉಳದೈತಿ."

ಅದರಲ್ಲಿರುವುದು ಬರೀ ಊಟ ಎಂದೆ. ಅಧಿಕಾರಿ ನನಗೆ ಚೀಲದ ಸಮೇತ ನಲವತ್ತು ಹೆಜ್ಜೆ ಹಿಂದೆ ಹೋಗಲು ಹೇಳಿದರು. ನಾನು ಹೆಜ್ಜೆ ಹಾಕಿದಂತೆಲ್ಲ ದಿಬ್ಬದ ಅದಿರು ಕಡಿಮೆಯಾಗುತ್ತ ಹೋಗಿ, ಹತ್ತು ಹೆಜ್ಜೆಗೆಲ್ಲ ಮುಗಿಯಿತು. ಚೀಲ ಬಿಚ್ಚಿದಾಗ ರೊಟ್ಟಿಯ ಗಂಟಿನ ಕೆಳಗೆ ನೇಗಿಲಿನ ಹಳೇ ಕುಡದ ಕಬ್ಬಿಣದ ತುಂಡು ಸಿಕ್ಕಿತು. ಮಾಂಸದ ಬುತ್ತಿ ಹೊತ್ತು ನಡುಮಧ್ಯಾಹ್ನ ಹೊಲದ ಹಾದಿ ಹಿಡಿದರೆ ಗಾಳಿ ಸೋಕುತ್ತದೆ, ಕಬ್ಬಿಣ ಜೊತೆಗಿದ್ದರೆ ಸೋಕುವುದಿಲ್ಲ ಎಂದು ನನ್ನ ಹೆಂಡತಿ ಇಟ್ಟದ್ದು. ಸೋಮವಾರವೂ ಅದು ನನ್ನ ಜೊತೆಗಿತ್ತು.

ಯಾರೂ ನಗಲಿಲ್ಲ. ಮೈಲಾರಪ್ಪ ತುಂಡನ್ನು ಒರೆಸಿ ನನ್ನ ಕೈಗಿಟ್ಟ. "ಅಕ್ಕಾರು ಚಲೋ ಮಾಡ್ಯಾರ ಬಿಡ್ರಿ. ಹುಣಸಿ ಗಿಡದ ಹಾದಿ ಅದು."

ಶನಿವಾರ ತಿದ್ದುಪಡಿ ಪ್ರಕಟವಾಯಿತು. ಬೋರ್ ಯಂತ್ರ ಬರಲಿಲ್ಲ. ದಿಬ್ಬ ಕುರಿಗಳಿಗೇ ಉಳಿಯಿತು. ಮುಂದಿನ ಸೋಮವಾರ ಪಕ್ಕದ ಗುಡ್ಡದಲ್ಲಿ ಅಳತೆ ಆರಂಭವಾದಾಗ ಅಧಿಕಾರಿ ನೆಲದ ಮೇಲೆ ಸುಣ್ಣದ ಗೆರೆ ಎಳೆಸಿದರು. ನನ್ನನ್ನು ಗೆರೆಯಾಚೆ ನಿಲ್ಲಿಸಲಾಯಿತು. ಕಾವಲಿಗೆ ಮೈಲಾರಪ್ಪ ಕೂತಿದ್ದ.