ನಾಲ್ಕು ಶಾಲೆಯ ಎತ್ತಿದ ಕೈಗಳು

ಲೆಕ್ಕದ ಮೇಷ್ಟ್ರ ಗುಟ್ಟು ಅವರ ತರಗತಿಯ ಮಕ್ಕಳಿಗೆ ಮಾತ್ರ ಗೊತ್ತಿತ್ತು. ಯಾರಾದರೂ ಪಾಠ ನೋಡಲು ಬಂದಾಗ ಪ್ರತಿ ಪ್ರಶ್ನೆಗೂ ಎಲ್ಲರೂ ಕೈ ಎತ್ತಬೇಕು. ಉತ್ತರ ಬರುವವರು ಬಲಗೈ, ಬಾರದವರು ಎಡಗೈ. ಮೇಷ್ಟ್ರು ಬಲಗೈಗಳನ್ನೇ ಆರಿಸಿ ಎಬ್ಬಿಸುತ್ತಿದ್ದರು. ಹತ್ತು ವರ್ಷದಲ್ಲಿ ಈ ಉಪಾಯ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಈ ನಡುವೆ ಕಲಿಕೆಯ ಮಟ್ಟ ಸುಧಾರಿಸಲೆಂದು ನಾಲ್ಕು ಶಾಲೆಗಳು ಸೇರಿ ಒಕ್ಕೂಟ ಕಟ್ಟಿದವು. ಸಂಚಾಲಕರನ್ನು ಆರಿಸುವ ಹೊತ್ತಿಗೆ ಸಭೆಯಲ್ಲಿ ತೂಕಡಿಸುತ್ತಿದ್ದವರು ಮೇಷ್ಟ್ರೊಬ್ಬರೇ. ಅಲ್ಲಿಂದಾಚೆ ಅವರ ಶನಿವಾರಗಳೆಲ್ಲ ನಾಲ್ಕೂ ಶಾಲೆ ಸುತ್ತಿ ವರದಿ ಬರೆಯುವುದರಲ್ಲೇ ಕಳೆದವು. "ಶನಿವಾರ ನೆಂಟರು ಬಂದ್ರೆ ನಿಮ್ಮ ಫೋಟೋ ತೋರಿಸಿ ಕಳಿಸ್ತೀನಿ," ಎಂದಿದ್ದಳು ಹೆಂಡತಿ.

ಕೊನೆಗೆ ಮೇಷ್ಟ್ರ ಗೋಳು ಕೇಳಿ ಅವರ ಶಾಲೆಯ ಹೆಡ್ ಮೇಡಂ ಕರಗಿದರು. ಅಧಿಕಾರಿಗಳ ಎದುರಿಗೆ ಇವತ್ತು ಮಾಡಬೇಕಿದ್ದ ಮಾದರಿ ಪಾಠ ಚೆನ್ನಾಗಿ ನಡೆದರೆ ಸಂಚಾಲಕನ ಕೆಲಸವನ್ನು ಬೇರೆಯವರಿಗೆ ದಾಟಿಸುವುದಾಗಿ ಮಾತು ಕೊಟ್ಟರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ತರಗತಿಗೆ ಬಂದು ನೋಡಿದರೆ ಅರ್ಧಕ್ಕರ್ಧ ಮುಖಗಳು ಹೊಸವು.

"ಒಕ್ಕೂಟ ಅಂದ್ಮೇಲೆ ಮಕ್ಕಳೂ ಬೆರೀಬೇಕಲ್ವಾ ಮೇಷ್ಟ್ರೇ? ನಾಲ್ಕೂ ಶಾಲೆಯವರನ್ನ ಕೂರಿಸಿದೀನಿ," ಎಂದರು ಮೇಡಂ. ಹಿಂದಿನ ಬೆಂಚಿನಲ್ಲಿ ಉಳಿದ ಮೂರು ಶಾಲೆಗಳ ಹೆಡ್ ಮಾಸ್ತರರು, ಅವರ ಪಕ್ಕದಲ್ಲಿ ಶಿಕ್ಷಣಾಧಿಕಾರಿಗಳು ಕೂತಿದ್ದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಮುಕ್ಕಾಲಿನಲ್ಲಿ ಅರ್ಧ ಎಷ್ಟು ಎಂದು ಕೇಳಿದರು. ತಗೊಳ್ಳಿ, ಒಬ್ಬರೂ ಬಿಡದಂತೆ ಎಲ್ಲರ ಕೈ ಮೇಲೆ. ಹಿಗ್ಗಿಹೋದ ಮೇಷ್ಟ್ರು ಯಾವ ಶಾಲೆಯವಳೆಂದೂ ನೋಡದೆ ಎದುರಿಗಿದ್ದ ಬಲಗೈಯ ಹುಡುಗಿಯನ್ನು ಎಬ್ಬಿಸಿದರು.

"ಗೊತ್ತಿಲ್ಲ ಸರ್."

"ಮತ್ತೆ ಕೈ ಯಾಕಮ್ಮ ಎತ್ತಿದೆ?"

"ಬಲಗೈ ಅಲ್ವಾ ಸರ್? ನಮ್ಮ ಶಾಲೇಲಿ ಗೊತ್ತಿದ್ರೆ ಎಡಗೈ."

ಮೇಷ್ಟ್ರು ಗಡಿಬಿಡಿಯಲ್ಲಿ ಇನ್ನೊಬ್ಬನನ್ನು ಎಬ್ಬಿಸಿದರು. ಅವನು ಮುಷ್ಟಿ ತೋರಿಸಿ, ಗೊತ್ತಿದ್ದರೆ ಅಂಗೈ ಬಿಚ್ಚಿರುತ್ತಿತ್ತಲ್ಲ ಎಂದ. ಮೂರನೆಯವನ ಶಾಲೆಯಲ್ಲಿ ಗೊತ್ತಿದ್ದವರು ಒಂದೇ ಬೆರಳು ಎತ್ತುತ್ತಿದ್ದರಂತೆ. ಹಿಂದಿನ ಬೆಂಚಿನಲ್ಲಿ ಒಬ್ಬರಿಗೆ ಕೆಮ್ಮು ಬಂತು, ಇನ್ನೊಬ್ಬರು ಫ್ಯಾನಿನ ರೆಕ್ಕೆ ಎಣಿಸತೊಡಗಿದರು.

ಅಧಿಕಾರಿಗಳು ಮಕ್ಕಳನ್ನು ಆಟಕ್ಕೆ ಬಿಟ್ಟು ಬಾಗಿಲು ಹಾಕಿದರು. ಇನ್ನು ಸಂಚಾಲಕನ ಕೆಲಸದಿಂದ ಕಿತ್ತೇ ಹಾಕುತ್ತಾರೆ ಎಂದುಕೊಂಡರು ಮೇಷ್ಟ್ರು. ಮಾನ ಹೋದರೆ ಹೋಗಲಿ, ಶನಿವಾರವಾದರೂ ವಾಪಸ್ ಬಂದೀತು ಎಂದು ಸಮಾಧಾನ ಮಾಡಿಕೊಂಡರು.

"ನಾಲ್ಕು ಶಾಲೆ, ನಾಲ್ಕು ಪದ್ಧತಿ," ಎಂದರು ಅಧಿಕಾರಿಗಳು. "ಮುಂದಿನ ತಿಂಗಳು ನಮ್ಮ ಮೇಲಿನವರು ಬರ್ತಾರೆ. ಅವರೂ ಹೀಗೇ ಬೆರೆಸಿ ಕೂರಿಸಿದ್ರೆ ನನ್ನ ಗತಿ ಏನ್ರಿ?"

ಒಕ್ಕೂಟದ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ನಿರ್ಣಯ ಒಮ್ಮತದಿಂದ ಪಾಸಾಯಿತು: ಇನ್ನು ಮುಂದೆ ಎಲ್ಲ ಶಾಲೆಗಳಲ್ಲೂ ಗೊತ್ತಿದ್ದವರಿಗೆ ಬಲಗೈ, ಗೊತ್ತಿಲ್ಲದವರಿಗೆ ಎಡಗೈ.

"ಇದನ್ನ ನಾಲ್ಕೂ ಶಾಲೇಲಿ ಅಭ್ಯಾಸ ಮಾಡಿಸೋಕೆ ಯಾರಿಗೆ ಬರುತ್ತೆ?" ಎಂದು ಅಧಿಕಾರಿಗಳು ಕೇಳಿದರು.

ಹೆಡ್ ಮೇಡಂ, ಮೂವರು ಹೆಡ್ ಮಾಸ್ತರರು ಥಟ್ಟನೆ ಕೈ ಎತ್ತಿದರು. ನಾಲ್ಕೂ ಎಡಗೈ. ಪಾಪ, ಮೇಷ್ಟ್ರು ಆಗಷ್ಟೇ ಹಣೆಯ ಬೆವರು ಒರೆಸಿಕೊಳ್ಳಲು ಬಲಗೈ ಮೇಲೆತ್ತಿದ್ದರು.

"ಭೇಷ್," ಎಂದರು ಅಧಿಕಾರಿಗಳು. "ಇರೋದು ಒಂದೇ ತಿಂಗಳು, ಶನಿವಾರ ಸಾಲೋದಿಲ್ಲ. ಭಾನುವಾರಾನೂ ಇಟ್ಕೊಳ್ಳಿ."