ಲಲಿತಕ್ಕನ್ನ ಕಳಿಸಿಕೊಡಿ

ಪಕ್ಕದ ಮನೆಯವಳ ಬಳೆ ನೋಡಿ ಹೊಟ್ಟೆ ಉರಿದುಕೊಂಡರೆ ಲೋಕ ಅರ್ಥ ಮಾಡಿಕೊಳ್ಳುತ್ತದೆ. ವಾರಗಿತ್ತಿಯ ಹೊಸ ಫ್ರಿಜ್ಜು ನೋಡಿ ಉರಿದುಕೊಂಡರೂ ಕ್ಷಮಿಸುತ್ತದೆ. ಆದರೆ ಕಂಬ ನೋಡಿ ಹೊಟ್ಟೆ ಉರಿದುಕೊಂಡವಳು ಈ ಅರಸೀಕೆರೆ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಹಳೇಬೀಡಿನ ಕಂಬ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಬೆರಗಾಗುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಯಾರೂ ಹೊಟ್ಟೆ ಉರಿದುಕೊಂಡದ್ದು ಕೇಳಿಲ್ಲ. ನನ್ನದಾದರೋ ಕಲ್ಲಿನ ಕಂಬವೂ ಅಲ್ಲ. ಮುಟ್ಟಿದರೆ ಸಿಗದ, ಒರಗಿದರೆ ತಡೆಯದ, ಕಂಪ್ಯೂಟರಿನೊಳಗಿನ ಕಂಬ.

ನಾನು ಮನೆಗಳ ನಕ್ಷೆ ಬರೆಯುವವಳು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮ ಇಂಜಿನಿಯರ್ ಸಾಹೇಬರ ಆಫೀಸು. ಮೊದಲು ಬೋರ್ಡಿನ ಮೇಲೆ ಹಾಳೆ ಅಂಟಿಸಿ ಬರೆಯುತ್ತಿದ್ದೆ, ಆಮೇಲೆ ಕಂಪ್ಯೂಟರಿನಲ್ಲಿ. ಎರಡರಲ್ಲೂ ನನ್ನ ಪ್ರಪಂಚ ಚಪ್ಪಟೆಯೇ. ಗೋಡೆಯೆಂದರೆ ಎರಡು ಗೆರೆ, ಬಾಗಿಲೆಂದರೆ ಕಾಲು ಚಂದ್ರ, ಕಂಬವೆಂದರೆ ಕಪ್ಪು ಚೌಕ. ಮನೆ ಕಟ್ಟಿಸುವವರು ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಗಂಭೀರವಾಗಿ ನೋಡಿ, "ಲಲಿತಕ್ಕ, ನೀವು ಬರೆದ್ಮೇಲೆ ಸರಿಯಾಗೇ ಇರ್ತೈತೆ ಬಿಡಿ" ಎಂದು ಎದ್ದು ಹೋಗುತ್ತಿದ್ದರು. ಆ "ಬಿಡಿ" ಎಂಬ ಒಂದು ಮಾತಿನ ಮೇಲೆ ನಾನು ಇಷ್ಟು ವರ್ಷ ನಿಂತಿದ್ದೆ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಪದ್ಮಜಾ ನಮ್ಮ ಆಫೀಸಿಗೆ ಹೊಸದಾಗಿ ಸೇರಿ ಆ ಮಾತನ್ನು ಅಲ್ಲಾಡಿಸಿದಳು. ಅವಳು ಗೆರೆ ಎಳೆಯುವುದಿಲ್ಲ, ಮನೆಯನ್ನೇ ನಿಲ್ಲಿಸುತ್ತಾಳೆ. ಕಂಬ, ತೊಲೆ, ಮೆಟ್ಟಿಲು, ಕಿಟಕಿ ಎಲ್ಲ ಅವಳ ಸಾಫ್ಟ್‌ವೇರಿನಲ್ಲಿ ಉದ್ದ ಅಗಲ ಎತ್ತರಗಳ ಸಮೇತ ಸಿದ್ಧವಾಗಿ ಕೂತಿರುತ್ತವೆ. ಕಾಂಪೊನೆಂಟು ಎನ್ನುತ್ತಾರೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ: ಮಣೆ ಒಂದಿದ್ದರೆ ಸಾಕು, ಬೇಕಾದಷ್ಟು ತೆಗೆದುಕೊಳ್ಳಬಹುದು. ಇನ್ನೂ ಒಂದು ಹೆಚ್ಚುಗಾರಿಕೆಯಿದೆ. ಒಂದನ್ನು ತಿದ್ದಿದರೆ ಅದರ ಜೊತೆಯವೆಲ್ಲ ತಾವಾಗಿಯೇ ತಿದ್ದಿಕೊಳ್ಳುತ್ತವೆ. ನನ್ನ ಇಬ್ಬರು ಮಕ್ಕಳಲ್ಲಿ ಈ ಗುಣ ನಾನು ಕಂಡಿಲ್ಲ.

ಪದ್ಮಜಾ ಆ ಮನೆಯನ್ನು ಬುಗುರಿಯಂತೆ ತಿರುಗಿಸಿ ತೋರಿಸತೊಡಗಿದ ಮೇಲೆ ಬಂದವರ ಕುರ್ಚಿಗಳು ನನ್ನ ಮೇಜಿನಿಂದ ಅವಳ ಮೇಜಿನ ಕಡೆಗೆ ಮೆಲ್ಲಮೆಲ್ಲನೆ ಸರಿದವು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿ ಮೊದಲು ನನಗೇ ಬಡಿಸುತ್ತಾಳೆ. ಜೈನರ ಮನೆಯವಳು; ಈರುಳ್ಳಿ ಬೆಳ್ಳುಳ್ಳಿ ಸೋಕದ ಅವಳ ಹುಳಿ, ಎರಡನ್ನೂ ಸುರಿದ ನನ್ನ ಹುಳಿಗಿಂತ ರುಚಿ. ಅದನ್ನೂ ನುಂಗಿಕೊಂಡೆ. ಮನೆಯಲ್ಲಿ ಹೇಳಿಕೊಂಡರೆ ನಮ್ಮವರು ಟೀವಿಯಿಂದ ಕಣ್ಣು ಕೀಳದೆ, "ಅವಳಿಗೆ ಬರುತ್ತೆ, ನಿನಗೆ ಬರಲ್ಲ, ಅಷ್ಟೇ ತಾನೆ? ಕಲ್ತ್ಕೊಳ್ಳೇ" ಎಂದರು. ಅಂದು ರಾತ್ರಿಯ ಚಪಾತಿ ಸ್ವಲ್ಪ ಸೀದಿತ್ತು.

ನಾನು ತಡೆಯಲಾರದೆ ಹೋದದ್ದು ಗಂಡಸಿಯ ರುದ್ರಣ್ಣನವರ ವಿಷಯದಲ್ಲಿ. ದೊಡ್ಡ ತೆಂಗಿನ ತೋಟದವರು. ಅವರ ಹಳೆಯ ಮನೆ, ದನದ ಕೊಟ್ಟಿಗೆ, ಮಗಳ ಮನೆ ಎಲ್ಲ ನನ್ನ ಕೈಯಿಂದಲೇ ಆದದ್ದು. ಈಗ ಹೊಸ ಮನೆಗೆಂದು ಬಂದವರು ನೆಟ್ಟಗೆ ಪದ್ಮಜಾಳ ಎದುರು ಕೂತು, "ಅದೇನೋ ತಿರುಗ್ಸಿ ತೋರಿಸ್ತೀಯಂತಲ್ಲವ್ವ, ತೋರ್ಸು ಮತ್ತೆ" ಎಂದರು. ಎಲ್ಲ ತಿರುಗಿತು. ರುದ್ರಣ್ಣನವರು ಕೇಳಿದರು, "ಕೊಬ್ಬರಿ ಅಟ್ಟ ಎಲ್ಲೈತೆ?"

ಅಟ್ಟ ಇರಲಿಲ್ಲ. ಸಾಫ್ಟ್‌ವೇರಿನಲ್ಲಿ ಸೋಫಾ ಇತ್ತು, ಕಾರಿತ್ತು, ನಮ್ಮ ಕಡೆ ಯಾರೂ ಕಂಡಿರದ ಒಂದು ಚೂಪು ಮರವಿತ್ತು. ಆದರೆ ತೆಂಗಿನಕಾಯಿ ಹರವಿ, ಒಳಗಿನ ನೀರು ಇಂಗಿ ಅಲ್ಲಾಡಿಸಿದರೆ ಗೊಟಗೊಟ ಎನ್ನುವವರೆಗೆ ವರ್ಷಗಟ್ಟಲೆ ಒಣಗಿಸುವ ಅಟ್ಟ ಅದನ್ನು ಮಾಡಿದವರಿಗೆ ಹೇಗೆ ಗೊತ್ತಿರಬೇಕು? ಪದ್ಮಜಾ ನನ್ನ ಕಡೆ ತಿರುಗಿ, "ಲಲಿತಕ್ಕ, ನಿಮ್ಮ ತವರಲ್ಲಿ ಅಟ್ಟ ಇತ್ತಲ್ವಾ, ಹೇಗಿರುತ್ತೆ ಸ್ವಲ್ಪ ಹೇಳಿಕೊಡ್ತೀರಾ?" ಎಂದಳು. "ಈಗ ಕೆಲಸ ಇದೆ ಕಣಮ್ಮ" ಎಂದು ಖಾಲಿ ಹಾಳೆಯ ಮೇಲೆ ಬಗ್ಗಿದೆ.

ಪದ್ಮಜಾ ಹೊತ್ತು ಮುಳುಗುವುದರೊಳಗೆ ಊಟ ಮಾಡುವವಳು; ನಾಲ್ಕೂವರೆಗೇ ಹಳೇಬೀಡಿನ ಬಸ್ಸು ಹಿಡಿಯುತ್ತಾಳೆ. ಅವಳು ಹೋದ ಮೇಲೆ ಅವಳ ಕುರ್ಚಿಯಲ್ಲಿ ಕೂತು ನಾನೇ ಅಟ್ಟ ಕಟ್ಟತೊಡಗಿದೆ. ತೊಲೆ, ಮೇಲೆ ಗಾಳಿಯಾಡಲು ಸಂದು ಬಿಟ್ಟ ಪಟ್ಟಿಗಳು, ಬುಟ್ಟಿ ಹೊತ್ತವರು ಹತ್ತುವಷ್ಟು ಅಗಲದ ಬಾಯಿ, ಏಣಿ. ಎಷ್ಟೋ ಸಂಜೆ ಅದು ಕುಸಿಯಿತು, ಒಮ್ಮೆ ಏಣಿ ಮಾತ್ರ ಆಕಾಶದಲ್ಲಿ ನೇತಾಡಿತು. ಕಡೆಗೆ ನಿಂತಿತು. ಉಳಿಸಲು ಹೋದರೆ ಪರದೆಯ ಮೇಲೆ "ಹೆಸರು?" ಎಂದು ಕೇಳಿತು. ಹೆಸರು ಕೇಳಿದರೆ ಯಾರಾದರೂ ಏನು ಹೇಳುತ್ತಾರೆ? "ಲಲಿತಾ" ಎಂದು ಬರೆದೆ.

ರುದ್ರಣ್ಣನವರು ಮತ್ತೆ ಬಂದ ದಿನ ನಾನೇ ಮುಂದೆ ಬಂದು, "ಕೂತ್ಕೊಳ್ಳಿ, ನಾನು ತೋರಿಸ್ತೀನಿ" ಎಂದೆ. ಅಟ್ಟ ಕೂರಿಸಲು ಏನೋ ಒತ್ತಿದೆ. ಅದು "ಬದಲಾಯಿಸಲೇ?" ಎಂದು ಕೇಳಿತು. ಹಿಂದುಮುಂದು ನೋಡದೆ ಹೂಂ ಎಂದೆ. ಮನೆಯ ಕಂಬಗಳೆಲ್ಲ ಮಾಯವಾಗಿ, ಒಂದೊಂದು ಕಂಬದ ಜಾಗದಲ್ಲೂ ಒಂದೊಂದು ಅಟ್ಟ ಏಣಿ ಸಮೇತ ಎದ್ದು ನಿಂತಿತು.

ರುದ್ರಣ್ಣನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಅಲ್ಲ ಕಣಮ್ಮ, ಮನೇಲಿ ಅಟ್ಟ ಇರ್ಲಿ ಅಂದೆ. ನೀನು ಅಟ್ಟದ ಮೇಲೆ ಮನೆ ಮಡಗಿದ್ದೀಯಲ್ಲ!"

"ಕಂಬಗಳು ಸೆಲೆಕ್ಟ್ ಆಗಿದ್ವು ಅನ್ಸುತ್ತೆ ಅಕ್ಕ" ಎಂದು ಪದ್ಮಜಾ ಮೆಲ್ಲಗೆ ಹೇಳಿ, ಕೈ ಚಾಚಿ ಅವನ್ನೆಲ್ಲ ಹಿಂದಿನಂತೆ ಮಾಡಿದಳು. ಆಮೇಲೆ ಒಂದೇ ಒಂದು ಅಟ್ಟವನ್ನು ಅಡುಗೆಮನೆಯ ಮೇಲೆ ಕೂರಿಸಿದಳು. ಎಷ್ಟು ಚೆನ್ನಾಗಿ ಕೂತಿತು! "ಹಾ, ಇದು ಅಟ್ಟ" ಎಂದರು ರುದ್ರಣ್ಣ. "ಯಾರವ್ವ ಮಾಡಿದ್ದು?" ಪದ್ಮಜಾ ಹೆಸರು ಓದಿ, ತುಟಿ ಕಚ್ಚಿಕೊಂಡು, "ಲಲಿತಕ್ಕ" ಎಂದಳು.

ಅಂದಿನಿಂದ ಆಫೀಸಿನಲ್ಲಿ ಅಟ್ಟಕ್ಕೆ ಅದೇ ಹೆಸರು. ಬರೀ ಲಲಿತಾ ಎನ್ನಲು ಎಲ್ಲರಿಗೂ ಸಂಕೋಚ, ಮರದ ಅಟ್ಟಕ್ಕೂ ಮರ್ಯಾದೆ. "ಲಲಿತಕ್ಕನ್ನ ಒಂದಡಿ ಮೇಲಕ್ಕೆತ್ತು." "ಲಲಿತಕ್ಕ ಇಷ್ಟು ಭಾರ ತಡೀತಾರಾ?" ಒಮ್ಮೆ ಸಾಹೇಬರೇ, "ಲಲಿತಕ್ಕನ ಬಾಯಿ ಜಾಸ್ತಿ ಆಯ್ತು, ಸ್ವಲ್ಪ ಕಡಿಮೆ ಮಾಡಿ" ಎಂದಾಗ ನಾನು ಅರ್ಧ ದಿನ ಮಾತಾಡಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಸಾಹೇಬರು ಒಳಗಿನಿಂದ ಕೂಗಿದರು, "ಬೇಲೂರಿನ ಇಂಜಿನಿಯರ್ ಆಫೀಸಿನವರು ಲಲಿತಕ್ಕನ್ನ ಕಳಿಸಿಕೊಡಿ ಅಂತಿದ್ದಾರೆ. ನಾಳೆ ಬೆಳಿಗ್ಗೆಗೆ ಬೇಕಂತೆ!" ನನ್ನ ಎದೆ ಹೂವಾಯಿತು. "ನಾಳೆ ಬೇಲೂರಿಗೆ ಹೋಗಿಬರ್ತೀನಿ ಸಾರ್" ಎಂದೆ. ದೇವಸ್ಥಾನಕ್ಕೆ ಎಂದುಕೊಂಡರೋ ಏನೋ, "ಧಾರಾಳವಾಗಿ ಹೋಗಿ ಬನ್ನಿ" ಎಂದರು.

ಮದುವೆಗೆಂದು ತೆಗೆದಿಟ್ಟ ರೇಷ್ಮೆ ಸೀರೆ ಉಟ್ಟೆ. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಎದುರು ಬದಿಯಲ್ಲಿ ಪದ್ಮಜಾ ಅರಸೀಕೆರೆ ಬಸ್ಸಿಗೆ ಕಾಯುತ್ತಿದ್ದಳು. ಕಿಟಕಿಯಿಂದ ಕೈ ಬೀಸಿ, "ಬೇಲೂರಿನವರು ಕರೆಸಿಕೊಂಡಿದ್ದಾರೆ!" ಎಂದೆ. ಅವಳು ಗಾಬರಿಯಿಂದ ಏನೋ ಕೂಗುತ್ತ ಎರಡು ಹೆಜ್ಜೆ ಓಡಿ ಬಂದಳು. ಬಸ್ಸು ಹೊರಟಿತು. ಪಾಪ, ಅವಳಿಗೂ ಹೊಟ್ಟೆ ಉರಿಯುವ ಕಾಲ ಬಂತಲ್ಲ ಎಂದುಕೊಂಡೆ. ಅಷ್ಟು ಸುಖವಾದ ಪ್ರಯಾಣ ನಾನು ಮಾಡಿದ್ದಿಲ್ಲ.

ಬೇಲೂರಿನ ಆಫೀಸಿನಲ್ಲಿ ಕನ್ನಡಕದ ಹೆಂಗಸೊಬ್ಬರು ತಲೆಯೆತ್ತಿದರು. "ಲಲಿತಕ್ಕನ್ನ ಕಳಿಸಿ ಅಂದಿದ್ರಲ್ಲ" ಎಂದೆ ನಗುತ್ತ.

"ಅವರು ನಿನ್ನೆ ಸಾಯಂಕಾಲವೇ ಬಂದ್ರಲ್ಲ. ಪದ್ಮಜಾ ಮೇಡಂ ಮೇಲ್ ಮಾಡಿದ್ರು" ಎಂದರು ಆಕೆ. "ತಾವು ಯಾರು, ಗೊತ್ತಾಗ್ಲಿಲ್ಲ?"

ರೇಷ್ಮೆ ಸೀರೆಯ ಸೆರಗು ಹೊದ್ದುಕೊಂಡೆ. "ನಾನು… ಅವರ ಕಡೆಯವಳೇ" ಎಂದೆ.

ಕಾಫಿ ಕೊಟ್ಟರು. ಮಾದಿಹಳ್ಳಿಯ ಯಾರದೋ ಮನೆಯ ಅಡುಗೆಮನೆ ಮೇಲೆ ಲಲಿತಕ್ಕ ಕೂತಿದ್ದನ್ನು ತಿರುಗಿಸಿ ತಿರುಗಿಸಿ ತೋರಿಸಿದರು. "ನೋಡಿ, ಎಷ್ಟು ಅಚ್ಚುಕಟ್ಟು! ಇವರು ಬಂದ್ಮೇಲೆ ನಮಗೆ ಯೋಚನೆಯೇ ಇಲ್ಲ ಬಿಡಿ" ಎಂದರು. ನನ್ನದಾಗಿದ್ದ ಆ "ಬಿಡಿ"ಯೂ ಅವಳ ಪಾಲಾಯಿತು. ಎಲ್ಲ ಕಡೆಯಿಂದಲೂ ಚೆನ್ನಾಗಿಯೇ ಕಂಡಳು, ಹಾಳಾದವಳು. ಬಸ್ಸಿನ ಕುಲುಕಾಟವಿಲ್ಲದೆ ಬಂದವಳು, ಮೊಣಕಾಲು ನೋಯದವಳು, ಒಂದೇ ಹೊತ್ತಿಗೆ ಹತ್ತು ಮನೆಯಲ್ಲಿ ಕೂರಬಲ್ಲವಳು. ಪದ್ಮಜಾಳ ಮೇಲೆ ಈಗ ನನಗೆ ಎಳ್ಳಷ್ಟೂ ಹೊಟ್ಟೆಕಿಚ್ಚಿಲ್ಲ. ಇರುವ ಕಿಚ್ಚೆಲ್ಲ ಈ ಲಲಿತಕ್ಕನಿಗೇ ಸಾಲುತ್ತಿಲ್ಲ.