ಅಣ್ಣನಿಗೆ ಕೊಟ್ಟ ಅರ್ಧ ಲಿವರ್

ಅಳುವ ಮನೆಯಲ್ಲೇ ನಗು ಬರುವಂಥದ್ದು ನಡೆಯೋದು ಜಾಸ್ತಿ. ದಂಡಿನಶಿವರದ ನಮ್ಮಣ್ಣ ಕಾಯಿಲೆ ಬಿದ್ದಾಗಿನಿಂದ ಹೋಗುವತನಕ ನಮ್ಮ ತವರಲ್ಲಿ ಹಿಂಗೇ ಆಯ್ತು. ಅತ್ತಷ್ಟೇ ನಕ್ಕಿದ್ದೀವಿ.

ಎಳನೀರು

ಅಣ್ಣನಿಗೆ ಕಾಮಾಲೆ ಬಂದು ಲಿವರ್ ಪೂರ್ತಿ ಕೆಟ್ಟಿತ್ತು. ಕಣ್ಣೆಲ್ಲ ಅರಿಶಿನ. ಊದಿದ ಹೊಟ್ಟೆ ಹೊತ್ತು ಜಗಲಿ ಮೇಲೆ ಕೂತಿರೋನು. ನೋಡೋಕೆ ಬಂದ ಪಕ್ಕದ ತೋಟದ ಯಜಮಾನರು, "ಇದು ಕುಡಿಯೋರಿಗೆ ಬರೋ ಕಾಯ್ಲೆ ಕಣಪ್ಪ. ಇನ್ನಾದ್ರೂ ಬುಟ್ಬುಡು" ಅಂದರು.

"ಎಳನೀರು ಬುಟ್ಟು ಇನ್ನೇನೂ ಕುಡಿದೋನಲ್ಲ ಕಣಣ್ಣ" ಅಂದ ಅಣ್ಣ.

ಅವರು ಗಂಭೀರವಾಗಿ ಯೋಚನೆ ಮಾಡಿ, "ಹಂಗಾದ್ರೆ ಅದನ್ನೇ ಬುಡು" ಅಂದರು.

ಒಂದು ಚೂರು ಜಾಸ್ತಿ

ಬೇರೆ ಲಿವರ್ ಹಾಕದಿದ್ದರೆ ಉಳಿಯೋಲ್ಲ ಅಂತ ಬೆಂಗಳೂರಿನ ಡಾಕ್ಟರು ಹೇಳಿಬಿಟ್ಟರು. ಅತ್ತಿಗೆಯ ರಕ್ತ ಹೊಂದಲಿಲ್ಲ, ನನ್ನದು ಹೊಂದಿತು. ತುರುವೇಕೆರೆಯಲ್ಲಿ ರವಿಕೆ ಹೊಲಿಯೋ ನಾನು ಮಿಷನ್ನಿಗೆ ಬಟ್ಟೆ ಹೊದಿಸಿ ಹೊರಟೆ. ಅವ್ವ ಒಬ್ಬಳೇ ಒಪ್ಪಲಿಲ್ಲ. ಒಬ್ಬರನ್ನ ಉಳಿಸೋಕೆ ಹೋಗಿ ಇಬ್ಬರೂ ಹೋದರೆ ಅನ್ನೋ ದಿಗಿಲು ಅವಳಿಗೆ.

ಡಾಕ್ಟರು ಅವಳನ್ನ ಕೂರಿಸಿಕೊಂಡು, "ಅಮ್ಮ, ಲಿವರ್ ಕುಯ್ದರೂ ಮತ್ತೆ ಬೆಳೆಯುತ್ತೆ. ಮಗಳದ್ದು ಅರ್ಧ ತೆಗೆದು ಮಗನಿಗೆ ಹಾಕ್ತೀವಿ. ಕೆಲವು ತಿಂಗಳಲ್ಲಿ ಇವರ ಹೊಟ್ಟೇಲೂ ಬೆಳೆಯುತ್ತೆ, ಅವರ ಹೊಟ್ಟೇಲೂ ಬೆಳೆಯುತ್ತೆ" ಅಂದರು.

ಅವ್ವ ಸೆರಗಲ್ಲಿ ಕಣ್ಣು ಒರೆಸಿಕೊಂಡಳು. "ಹಂಗಾದ್ರೆ ಒಂದು ಚೂರು ಜಾಸ್ತೀನೇ ಹಾಕಿ ಸ್ವಾಮಿ. ನನ್ನ ಮಗ ಎರಡನೇ ಸಲ ಬಡಿಸ್ಕೊಳ್ದೆ ಎಲೆ ಬುಟ್ಟು ಎದ್ದೋನೇ ಅಲ್ಲ."

ಆಪರೇಷನ್ ಕೋಣೆಯ ಬಾಗಿಲವರೆಗೂ ನನ್ನ ಕೈ ಮಾತ್ರ ಬಿಡಲಿಲ್ಲ.

ಹೆಂಗಸರ ಟಿಕೆಟ್

ಇಬ್ಬರೂ ಉಳಿದೆವು. ಕೆಲವು ತಿಂಗಳಾದ ಮೇಲೆ ಸ್ಕ್ಯಾನಿಂಗ್ ಮಾಡಿಸಿದರೆ, ಡಾಕ್ಟರು ಹೇಳಿದ್ದ ಹಾಗೇ ಇಬ್ಬರಿಗೂ ಪೂರ್ತಿ ಬೆಳೆದಿತ್ತು. ವಾಪಸ್ ಬರುವಾಗ ಸರ್ಕಾರಿ ಬಸ್ಸಲ್ಲಿ ಅಣ್ಣನಿಗೆ ಖುಷಿ ತಡೆಯೋಕಾಗಲಿಲ್ಲ. ಮಾಸ್ಕ್ ಒಳಗಿಂದಲೇ ಕಂಡಕ್ಟರಿಗೆ, "ನನ್ನೊಳಗಿರೋ ಲಿವರ್ ನಮ್ ತಂಗೀದು ಕಣ್ರೀ. ಹೆಂಗಸರಿಗೆ ಫ್ರೀ ಅಲ್ವಾ?" ಅಂದ.

ಕಂಡಕ್ಟರು ಅವನನ್ನ ಮೇಲಿಂದ ಕೆಳಗೆ ನೋಡಿ, "ಲಿವರಿಗೆ ಫ್ರೀ ಸ್ವಾಮಿ. ಅದರ ಸುತ್ತ ಇರೋದಕ್ಕೆ ಟಿಕೆಟ್ ತಗೊಳ್ಳಿ" ಅಂದರು.

ಬಸ್ಸಿಗೆ ಬಸ್ಸೇ ನಕ್ಕಿತು. ಅಣ್ಣ ಅಷ್ಟು ನಕ್ಕಿದ್ದನ್ನ ಆಮೇಲೆ ನಾನು ನೋಡಲಿಲ್ಲ.

ಅರ್ಧ ಸೂತಕ

ಬೇರೆಯವರ ಲಿವರ್ ಅಂತ ಮೈ ಅದನ್ನ ತಳ್ಳಿಬಿಡದೆ ಇರಲಿ ಅಂತ ದಿನಾ ಮಾತ್ರೆ ಕೊಡ್ತಾರೆ. ಆ ಮಾತ್ರೆ ತಗೊಂಡರೆ ರೋಗ ತಡೆಯೋ ಶಕ್ತಿ ಕಮ್ಮಿಯಾಗುತ್ತಂತೆ. ಮುಂದಿನ ಚಳಿಗಾಲದಲ್ಲಿ ಅಣ್ಣನಿಗೆ ಜ್ವರ ಬಂತು, ಸೋಂಕು ಎದೆಗೆ ಇಳಿಯಿತು. ಈ ಸಲ ಉಳಿಯಲಿಲ್ಲ. "ಲಿವರ್ ಕೊನೇವರೆಗೂ ಚೆನ್ನಾಗೇ ಇತ್ತಮ್ಮ" ಅಂತ ಡಾಕ್ಟರು ನನಗೆ ಹೇಳಿದರು. ಆ ಮಾತನ್ನ ಇಟ್ಟುಕೊಂಡು ನಾನೇನು ಮಾಡಲಿ?

ತೋಟದಲ್ಲಿ ಮಣ್ಣು ಮಾಡಿ ಬಂದ ಹಿರಿಯರು ಜಗಲಿ ಮೇಲೆ ಕೂತು ಸೂತಕದ ಮಾತು ತೆಗೆದರು.

"ಇವಳು ಬೇರೆ ಮನೆಗೆ ಕೊಟ್ಟ ಹೆಣ್ಣು. ಮೂರೇ ದಿನ" ಅಂದರು ದೊಡ್ಡಪ್ಪ.

"ಅದೆಂಗಾಯ್ತದೆ? ಇವಳ ಮೈಯಿಂದ ತೆಗೆದಿದ್ದೂ ಅವನ ಜೊತೇಲೇ ಮಣ್ಣಾಗೈತೆ. ಹನ್ನೊಂದು ದಿನ" ಅಂದರು ಸೋದರಮಾವ.

ಚಿಕ್ಕಪ್ಪ ರಾಜಿಗೆ ಬಂದರು. "ಕೊಟ್ಟಿದ್ದು ಅರ್ಧ ತಾನೇ? ಐದೂವರೆ ದಿನ ಅನ್ನಿ, ಮುಗೀತು."

"ಅರ್ಧ ದಿನದ ಸೂತಕಕ್ಕೆ ನೀರು ಹಾಕ್ಕೊಳ್ಳೋದು ಊಟಕ್ಕೆ ಮುಂಚೆನೋ, ಆಮೇಲೋ?" ದೊಡ್ಡಪ್ಪ ನಿಜವಾಗಿಯೂ ಕೇಳಿದರು.

ಬೆಳಗಿನಿಂದ ಗೋಡೆಗೆ ಒರಗಿದ್ದ ಅವ್ವ ತಲೆಯೆತ್ತಿದಳು.

"ಅರ್ಧ ಎಲ್ಲೈತೆ? ಇಬ್ಬರಿಗೂ ಪೂರ್ತಿ ಬೆಳೆದೈತೆ ಅಂತ ಡಾಕ್ಟ್ರೇ ಹೇಳವ್ರೆ. ಪೂರ್ತಿ ಹಾಕಿ."

ಮೊದಲು ಅತ್ತಿಗೆ ನಕ್ಕಳು, ಆಮೇಲೆ ನಾನು, ಆಮೇಲೆ ಹಿರಿಯರೆಲ್ಲ. ನಗುತ್ತಾ ನಗುತ್ತಲೇ ಅತ್ತಿಗೆ ನನ್ನ ಹೊಟ್ಟೆ ಮೇಲೆ ಕೈಯಿಟ್ಟು ಜೋರಾಗಿ ಅತ್ತುಬಿಟ್ಟಳು.

ಹನ್ನೊಂದು ದಿನವೂ ನಾನು ತವರಲ್ಲೇ ಉಳಿದೆ.